ಮೇಷ್ಟ್ರೇ, ಆ ಚೆಕ್ ಲಿಸ್ಟನ್ನ ಇನ್ನೊಂದ್ಸಲ ಓದಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ಮಾತ್ರ ನನ್ನ ಮೇಜು ಬಿಟ್ಟು ಹೋಗ್ಲೇ ಇಲ್ಲ. ನಮ್ಮ ಕೊಡಗಿನ ಸೋಮವಾರಪೇಟೆ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ರು ಬರ್ದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಅವರು ಹೇಳೋದು ಇಷ್ಟು: "ನಾನು ಹತ್ತನೇ ಕ್ಲಾಸಿಗೆ ಗಣಿತ ಮಾಡೋನು. ನವೆಂಬರ್ ಬಂತು ಅಂದ್ರೆ ಎಸ್ಸೆಸ್ಸೆಲ್ಸಿ ನೋಂದಣಿ, ಸ್ಯಾಟ್ಸ್ (ಮಕ್ಕಳ ವಿವರದ ಆನ್‌ಲೈನ್ ದಾಖಲೆ), ಅಪಾರ್ (ವಿದ್ಯಾರ್ಥಿ ಗುರುತಿನ ಐಡಿ), ನಾಮಿನಲ್ ರೋಲ್ (ಪರೀಕ್ಷೆಗೆ ಕೂರೋ ಮಕ್ಕಳ ಪಟ್ಟಿ), ಚೆಕ್ ಲಿಸ್ಟ್ (ಆ ವಿವರ ತಾಳೆ ನೋಡೋಕೆ ಬರೋ ಪ್ರತಿ) ತಿದ್ದುಪಡಿ, ಆಮೇಲೆ ಇಂಟರ್ನಲ್ ಮಾರ್ಕ್ಸ್ ಎಂಟ್ರಿ. 2024ರಲ್ಲಿ ಇದರ ಮಧ್ಯ ಮಕ್ಕಳ ಕಲಿಕೆ ಅಳೆಯೋ ಕೇಂದ್ರದ ಪರಖ್ ಸರ್ವೆ ಬೇರೆ. ಪರೀಕ್ಷೆ ತಯಾರಿ ಅಂದ್ರೆ ಮಕ್ಕಳನ್ನ ತಯಾರು ಮಾಡೋದು ಸಾರ್, ಕಾಗದ ತಯಾರು ಮಾಡೋದಲ್ಲ. ಈ ಗುಮಾಸ್ತಗಿರಿ ಬಗ್ಗೆ ನಿಮ್ಮ ಪತ್ರಿಕೆ ಒಂದ್ಸಲ ಬರೀಬೇಕು."

ಬರೀತೀನಿ ಮೇಷ್ಟ್ರೇ, ಆದ್ರೆ ನೀವು ಅಂದ್ಕೊಂಡ ಹಾಗೆ ಬರೆಯೋಕ್ಕಾಗಲ್ಲ.

ನಿಮ್ಮ ಕಷ್ಟ ಸುಳ್ಳಲ್ಲ. ಹಗಲು ಸರ್ವರ್ ಸಿಗಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು, ಮಳೆಗೋ ಗಾಳಿಗೋ ಕರೆಂಟ್ ಹೋಗಿ, ಮೊಬೈಲ್ ನೆಟ್‌ವರ್ಕ್ ಹುಡುಕ್ಕೊಂಡು ಬಾಣೆ ಗುಡ್ಡ ಹತ್ತಿದ ಮೇಷ್ಟ್ರುಗಳು ನನಗೆ ಗೊತ್ತು. ಪರಖ್ ಸರ್ವೆ ನಡೆದದ್ದು 2024 ಡಿಸೆಂಬರ್ 4ರಂದು, ಮೂರು, ಆರು, ಒಂಬತ್ತನೇ ಕ್ಲಾಸಿಗೆ, ಅಂದ್ರೆ ನಮ್ಮಲ್ಲಿ ಕಾಫಿ ಕೊಯ್ಲು ಜೋರಾಗಿರೋ ಹೊತ್ತು, ಅರ್ಧ ಮಕ್ಕಳು ತೋಟದಲ್ಲೇ ಇರ್ತಾರೆ. ಅದೆಲ್ಲ ಒಪ್ಪಿದೆ.

ಆದ್ರೆ "ಗುಮಾಸ್ತಗಿರಿ" ಅನ್ನೋ ಮಾತು ನನಗೆ ನೋವಾಯ್ತು.

ನಾನು ಓದಿದ ಹೈಸ್ಕೂಲಲ್ಲಿ ಒಬ್ರು ಗುಮಾಸ್ತರಿದ್ರು. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಜೆ ಮುಗಿದ ವಾರ ಹತ್ತನೇ ಕ್ಲಾಸಿನವರನ್ನೆಲ್ಲ ವರಾಂಡದಲ್ಲಿ ಸಾಲಾಗಿ ನಿಲ್ಲಿಸ್ತಿದ್ರು. ನಿನ್ನ ಹೆಸರೇನು ಅಂತ ಕೇಳ್ತಿರ್ಲಿಲ್ಲ, ಒಂದು ಚೀಟಿ ಕೊಟ್ಟು "ಬರಿ" ಅಂತಿದ್ರು, ಕನ್ನಡದಲ್ಲೊಂದ್ಸಲ, ಇಂಗ್ಲಿಷಲ್ಲೊಂದ್ಸಲ, ಕೆಳಗೆ ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನ. ಆಮೇಲೆ ದಾಖಲಾತಿ ರಿಜಿಸ್ಟರ್ ಬಿಚ್ಚಿ, ಸ್ಟೀಲ್ ಸ್ಕೇಲನ್ನ ಆ ಸಾಲಿನ ಕೆಳಗೆ ಇಟ್ಟು, ಚೀಟಿಯ ಅಕ್ಷರ ಒಂದೊಂದಾಗಿ ಉಗುರಲ್ಲಿ ಮುಟ್ಟಿ ತಾಳೆ ನೋಡೋರು. ಕಾರ್ಬನ್ ಪೇಪರ್ ಇಟ್ಟು ಮೂರು ಪ್ರತಿ ಮಾಡೋ ಕಾಲ, ಆ ಉಗುರು ಯಾವಾಗ್ಲೂ ನೀಲಿ. ಎಲ್ಲಾದ್ರೂ ತಾಳೆ ಆಗ್ಲಿಲ್ಲ ಅಂದ್ರೆ ಆ ಮಗು ಪಕ್ಕಕ್ಕೆ ನಿಲ್ಲಬೇಕು, ಸಾಯಂಕಾಲ ಅವರೇ ಸೈಕಲ್ ತಗೊಂಡು ಮನೆಗೆ ಹೋಗಿ ಅಪ್ಪ ಅಮ್ಮನ್ನ ಕೇಳ್ಕೊಂಡು ಬರೋರು. ಪಾಠ ಮಾಡಿದ ಎಷ್ಟೋ ಮೇಷ್ಟ್ರ ಮುಖ ನನಗೆ ಮರ್ತುಹೋಗಿದೆ, ಆ ಉಗುರು ಮರ್ತಿಲ್ಲ.

ಅದೇ ಕಾಲದಲ್ಲಿ ಬೇರೊಂದು ಶಾಲೆಯಲ್ಲಿ ಓದಿದ ನನ್ನ ಚಿಕ್ಕಪ್ಪನ ಮಗಳಿಗೆ ಅಂಥೋರು ಯಾರೂ ಸಿಗ್ಲಿಲ್ಲ. ಅವಳು ಹುಟ್ಟಿದ್ದು ಮೇ 12ಕ್ಕೆ, ಮಾರ್ಕ್ಸ್ ಕಾರ್ಡಲ್ಲಿ ಬಂದದ್ದು ಡಿಸೆಂಬರ್ 5. ಯಾರೋ ತಿಂಗಳು ದಿನ ಅದಲು ಬದಲು ಬರೆದ್ರು, ಯಾರೂ ನೋಡ್ಲಿಲ್ಲ, ಅವಳೂ ನೋಡ್ಲಿಲ್ಲ, ಪಾಸಾದ ಖುಷಿಯಲ್ಲಿ ಯಾರು ನೋಡ್ತಾರೆ. ನರ್ಸಿಂಗ್ ಮುಗಿಸಿ ಗಲ್ಫಿಗೆ ಹೊರಟಾಗ ಪಾಸ್‌ಪೋರ್ಟಿಗೆ ಕೊಟ್ಟ ಜನನ ಪ್ರಮಾಣ ಪತ್ರದಲ್ಲಿ ಒಂದು ತಾರೀಕು, ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು. ಅಫಿಡವಿಟ್ ಮಾಡ್ಸಿ, ಆಫೀಸಿಂದ ಆಫೀಸಿಗೆ ಅಲೆದು, ಚಿಕ್ಕಪ್ಪ ಮಳೆಗಾಲ ಪೂರ್ತಿ ಬಸ್ಸಲ್ಲೇ ಕಳೆದ್ರು, ಅಷ್ಟರಲ್ಲಿ ಆ ಕೆಲಸ ಬೇರೆ ಹುಡುಗಿಗೆ ಹೋಯ್ತು. ಗಣಿತದಲ್ಲಿ ಅವಳಿಗೆ ಎಷ್ಟು ಬಂದಿತ್ತು ಅಂತ ಇವತ್ತಿಗೂ ಅವಳನ್ನ ಯಾರೂ ಕೇಳಿಲ್ಲ ಮೇಷ್ಟ್ರೇ. ಹುಟ್ಟಿದ ತಾರೀಕು ಕೇಳ್ತಾನೇ ಇದಾರೆ. ಸರ್ಕಾರಿ ನೌಕರಿ ಸೇರಿದ್ರಂತೂ 1974ರ ವಯಸ್ಸು ನಿರ್ಧಾರದ ಕಾಯ್ದೆ ಇದೆ, ಸರ್ವಿಸ್ ರಿಜಿಸ್ಟರಲ್ಲಿ ಕೂತ ತಾರೀಕನ್ನ ಮೂರು ವರ್ಷದೊಳಗೆ ತಿದ್ದಿಸಿಕೊಳ್ಳದೆ ಹೋದ್ರೆ ರಿಟೈರ್ ಆಗೋದೂ ಅದೇ ತಾರೀಕಿಗೆ.

ಇನ್ನು ನಮ್ಮ ಕೊಡಗಿನ ಹೆಸರುಗಳ ವಿಚಾರ. ಇದನ್ನ ಬೆಂಗಳೂರಲ್ಲಿ ಸಾಫ್ಟ್‌ವೇರ್ ಮಾಡೋರಿಗೆ ಯಾರಾದ್ರೂ ಕೂರಿಸಿ ಹೇಳ್ಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೆರ ಮಾದಪ್ಪ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರದ್ದು ಕೊಡಂದೆರ ಸುಬ್ಬಯ್ಯ ತಿಮ್ಮಯ್ಯ. ಮೊದಲು ಒಕ್ಕದ, ಅಂದ್ರೆ ಮನೆತನದ ಹೆಸರು, ಮಧ್ಯ ಅಪ್ಪನ ಹೆಸರು, ಕೊನೆಗೆ ತನ್ನ ಹೆಸರು. ಈಗಿನ ಫಾರ್ಮಲ್ಲಿ ಫಸ್ಟ್ ನೇಮ್, ಮಿಡಲ್ ನೇಮ್, ಲಾಸ್ಟ್ ನೇಮ್ ಅಂತ ಮೂರು ಡಬ್ಬ ಕೊಟ್ರೆ ಕಾರ್ಯಪ್ಪ ಯಾವುದಕ್ಕೆ ಹೋಗ್ಬೇಕು? ಆಧಾರ್ ಮಾಡೋನು ಒಂದು ಥರ ಹಾಕ್ತಾನೆ, ಅಂಗನವಾಡಿಯಲ್ಲಿ ಇನ್ನೊಂದು ಥರ, ಶಾಲೆಯಲ್ಲಿ ಬರೀ ಇನಿಷಿಯಲ್. ಬುಡಕಟ್ಟಿನವರ ಹಾಡಿ ಮಕ್ಕಳದ್ದು ಇನ್ನೂ ಕಷ್ಟ. ಎರವರ ಮಗುವಿಗೆ ವೈ ಅಂತ, ಜೇನುಕುರುಬರ ಮಗುವಿಗೆ ಜೆ ಅಂತ ಜಾತಿ ಹೆಸರಿನ ಮೊದಲಕ್ಷರವನ್ನೇ ಯಾರೋ ಯಾವತ್ತೋ ಇನಿಷಿಯಲ್ ಮಾಡಿಟ್ಟಿರ್ತಾರೆ, ಆಧಾರಲ್ಲಿ ಅದು ಇರಲ್ಲ. ತೋಟದ ಕೆಲಸದವರ ಲೈನ್ ಮನೆಯಲ್ಲಿರೋ ಅಸ್ಸಾಂ ಮಕ್ಕಳ ಹೆಸರನ್ನ ನಾವು ಕನ್ನಡದಲ್ಲಿ ಕಿವಿಗೆ ಬಿದ್ದ ಹಾಗೆ ಬರ್ಕೊಳ್ತೀವಿ. ಅಪಾರ್ ಐಡಿ ಬೇಕಂದ್ರೆ ಆಧಾರೂ ಶಾಲೆ ದಾಖಲೆಯೂ ಹೊಂದಬೇಕು. ಹಾಗಾಗಿ ಆ ಚೆಕ್ ಲಿಸ್ಟ್ ನಿಮ್ಮ ಕೈಗೆ ಬಂದಾಗ ಅದು ಬರೀ ಕಾಗದ ಅಲ್ಲ, ಆ ಮಗು ಯಾರು ಅಂತ ಸರ್ಕಾರಕ್ಕೆ ಹೇಳೋ ಮೊದಲನೇ ಮಾತು, ಎಷ್ಟೋ ಸಲ ಕೊನೇ ಮಾತೂ ಅದೇ.

ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ವಿಚಾರ ನಿಮಗೆ ನಾನು ಹೇಳ್ಬೇಕಾಗಿಲ್ಲ. ಎಂಟನೇ ಕ್ಲಾಸಲ್ಲಿ ಪರೀಕ್ಷೆ ಪಾಸಾದ್ರೆ ಒಂಬತ್ತರಿಂದ ಪಿಯುಸಿ ಮುಗಿಯೋ ತನಕ ವರ್ಷಕ್ಕೆ 12,000 ರೂಪಾಯಿ, ಮನೆ ಆದಾಯ ಮೂರೂವರೆ ಲಕ್ಷ ದಾಟಿರ್ಬಾರ್ದು. ಸಿದ್ದಾಪುರ ಕಡೆಯ ಲೈನ್ ಮನೆಯ ಹುಡುಗಿ ಒಬ್ಳು ಅದನ್ನ ಪಾಸ್ ಮಾಡಿದ್ಲು, ಟ್ಯೂಷನ್ ಇಲ್ಲ ಏನಿಲ್ಲ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ಒಂದು ಸ್ಪೆಲ್ಲಿಂಗ್, ಶಾಲೆಯಿಂದ ಹೋದ ಪಟ್ಟಿಯಲ್ಲಿ ಇನ್ನೊಂದು, ಎರಡು ವರ್ಷ ದುಡ್ಡು ಬರ್ಲಿಲ್ಲ. ಅವಳಪ್ಪ ನಮ್ಮ ಆಫೀಸಿಗೆ ಬಂದು ಆ ಪಾಸ್‌ಬುಕ್ಕನ್ನ ಪ್ಲಾಸ್ಟಿಕ್ ಕವರಿಂದ ತೆಗೆದು ಮೇಜಿನ ಮೇಲಿಟ್ಟು, "ಸಾರ್ ಇದರಲ್ಲಿ ತಪ್ಪೇನಿದೆ, ನೀವು ಓದಿ ಹೇಳಿ" ಅಂದ. ಅವನಿಗೆ ಇಂಗ್ಲಿಷ್ ಬರಲ್ಲ. ಒಂದು ಎಚ್ ಜಾಸ್ತಿ ಇತ್ತು ಮೇಷ್ಟ್ರೇ. ಒಂದು ಎಚ್‌ಗೆ 24,000 ರೂಪಾಯಿ.

ಇಂಟರ್ನಲ್ ಮಾರ್ಕ್ಸ್ ಎಂಟ್ರಿ ಅಂತ ಬೇಸರದಿಂದ ಬರ್ದಿದೀರಿ. ಗಣಿತದ ಮೇಷ್ಟ್ರು ನೀವು, ಲೆಕ್ಕ ಹಾಕಿ. 2025ರ ಎಸ್ಸೆಸ್ಸೆಲ್ಸಿ ತಗೊಳ್ಳಿ, ಒಟ್ಟು 625. ಪ್ರಥಮ ಭಾಷೆಗೆ 25, ಉಳಿದ ಐದಕ್ಕೆ ಇಪ್ಪತ್ತಿಪ್ಪತ್ತು, ಒಟ್ಟು 125 ಅಂಕ ಶಾಲೆಯಿಂದಲೇ ಹೋಗೋದು, ಅಂದ್ರೆ ಐದರಲ್ಲಿ ಒಂದು ಪಾಲು ನಿಮ್ಮ ಬೆರಳ ತುದಿಯಲ್ಲಿದೆ. ಪರೀಕ್ಷೆ ಕೊಠಡಿಯಲ್ಲಿ ಮಗು ಒಂದು ಅಂಕಕ್ಕೆ ಮೂರು ಗಂಟೆ ಬೆವರು ಹರಿಸತ್ತೆ, ಇಲ್ಲಿ ಒಂದು ಸಾಲು ಮೇಲೆ ಕೆಳಗೆ ಆದ್ರೆ ಒಬ್ಬನ 19 ಇನ್ನೊಬ್ಬನಿಗೆ ಹೋಗಿ ಅವನ 11 ಇವನಿಗೆ ಬರತ್ತೆ, ಹಾಗೆ ಆದದ್ದನ್ನ ನಿಮ್ಮಂಥ ಮೇಷ್ಟ್ರೊಬ್ರೇ ನನ್ನ ಹತ್ರ ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ದುಂಟು.

2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು ಮಾರ್ಕ್ಸ್ ಕಾರ್ಡ್ ಎಲ್ಲಿಂದ ತರೋದು? ಗಂಜಿ ಕೇಂದ್ರದಲ್ಲಿ ಒಬ್ಬ ಹುಡುಗ, ಕಾಲೇಜಿಗೆ ಸೇರಿ ಎರಡು ತಿಂಗಳೂ ಆಗಿರ್ಲಿಲ್ಲ, ಚಾಪೆ ಮೇಲೆ ಕೂತು ತನ್ನ ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರನ್ನ ಬಾಯಿಪಾಠ ಹೇಳ್ತಿದ್ದ, ಮರ್ತುಹೋದ್ರೆ ಅಂತ ಹೆದ್ರಿ. ಅಂಥವರಿಗೆ ಆಮೇಲೆ ಹೊಸ ಪ್ರತಿ ಸಿಕ್ಕಿತು ಅಂದ್ರೆ ಯಾಕೆ? ಮನೆ ಹೋದ್ರೂ ದಾಖಲೆ ಉಳಿದಿತ್ತು, ಯಾರೋ ಗುಮಾಸ್ತರು ಯಾವತ್ತೋ ಸ್ಕೇಲ್ ಇಟ್ಟು ಸರಿಯಾಗಿ ಬರ್ದಿದ್ರು.

ಈಗ ನನ್ನ ಸಿಟ್ಟಿಗೆ ಬರ್ತೀನಿ, ಅದು ನಿಮ್ಮ ಮೇಲಲ್ಲ. ಇಂಥ ಕೆಲಸಕ್ಕೆ ಒಬ್ಬ ಮನುಷ್ಯನನ್ನ ಇಡೋದು ಬಿಟ್ಟು, ಗುಮಾಸ್ತರ ಕುರ್ಚಿ ಖಾಲಿ ಬಿಟ್ಟು, ಗಣಿತದ ಮೇಷ್ಟ್ರಿಗೆ ಲಾಗಿನ್ ಪಾಸ್‌ವರ್ಡ್ ಕೊಟ್ಟಿದಾರಲ್ಲ, ಅದು ತಪ್ಪು. 2024ರಲ್ಲಿ ವೆಬ್‌ಕಾಸ್ಟಿಂಗ್ ತಂದ್ರು, ಪ್ರತಿ ಕೊಠಡಿಗೂ ಕ್ಯಾಮೆರಾ. ಹಿಂದಿನ ವರ್ಷ 83.89 ಇದ್ದ ಫಲಿತಾಂಶ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಕಾಪಿ ನಿಲ್ಲಲಿ, ಬೇಡ ಅನ್ನಲ್ಲ, ಪ್ರಾಮಾಣಿಕವಾಗಿ ಬರೆಯೋ ಮಗುವಿಗೆ ಅದೇ ನ್ಯಾಯ. ಆದ್ರೆ ಮಗು ಕತ್ತು ತಿರುಗಿಸಿದ್ರೆ ನೋಡೋಕೆ ಕ್ಯಾಮೆರಾ ಇದೆ, ಮಗುವಿನ ಹೆಸರು ತಿರುಚಿದ್ರೆ ನೋಡೋಕೆ ಯಾರೂ ಇಲ್ಲ.

ವೇಳಾಪಟ್ಟಿದೂ ಅದೇ ಕತೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ದು ಒಳ್ಳೇದೇ, ಫೇಲಾದ ಮಗು ಒಂದು ವರ್ಷ ಕಾಯೋದು ತಪ್ಪಿತು. ಆದ್ರೆ 2025ರಲ್ಲಿ ಮೂರನೇ ಪರೀಕ್ಷೆ ಜುಲೈಯಲ್ಲಿ. ಜುಲೈ ಅಂದ್ರೆ ನಮ್ಮಲ್ಲಿ ಏನು ಅಂತ ಭಾಗಮಂಡಲದವರನ್ನ ಕೇಳಿ, ಸಂಗಮದಲ್ಲಿ ನೀರು ಏರೋ ಕಾಲ ಅದು. ಶಾಲೆಗೆ ಮಳೆ ರಜೆ ಕೊಡೋ ತಿಂಗಳಲ್ಲಿ, ಮೊದಲೇ ಸೋತ ಮಗು ಜೀಪು ಸಿಕ್ಕಿದ್ರೆ ಜೀಪು ಇಲ್ಲಾಂದ್ರೆ ಕಾಲ್ನಡಿಗೆ ಅಂತ ಕೇಂದ್ರಕ್ಕೆ ಬರ್ಬೇಕಿತ್ತು. ಹಾಲ್ ಟಿಕೆಟ್ ತೋರಿಸಿದ್ರೆ ಕೆಎಸ್‌ಆರ್‌ಟಿಸಿ ಫ್ರೀ ಅಂತಾರೆ, ಸರಿ, ಬಸ್ಸೇ ಬರದ ಊರಿಗೆ ಫ್ರೀ ಎಲ್ಲಿಂದ?

ಮಾರ್ಚಿನ ಪರೀಕ್ಷೆಗೆ ಪೂರ್ವಭಾವಿ ಸಭೆ ಅಂತ ನಡೀತದೆ. ಪ್ರಶ್ನೆಪತ್ರಿಕೆ ಖಜಾನೆಯಲ್ಲಿ ಯಾರ ಕಾವಲು, ಮಾರ್ಗಾಧಿಕಾರಿ ಯಾರು, ಮೊಬೈಲ್ ಇಸ್ಕೊಳ್ಳೋರು ಯಾರು, ಜೆರಾಕ್ಸ್ ಅಂಗಡಿ ಮುಚ್ಚಿಸೋದು, ಕುಡಿಯೋ ನೀರು, ಡೆಸ್ಕು. ಎಲ್ಲ ಬೇಕು. ಆದ್ರೆ ಮಾಲ್ದಾರೆಯಿಂದ, ತಿತಿಮತಿಯಿಂದ ಬರೋ ಮಗು ಬೆಳಿಗ್ಗೆ ಏಳಕ್ಕೆ ತೋಟದ ದಾರಿ ಹಿಡಿಯತ್ತಲ್ಲ, ಅಲ್ಲಿ ಆನೆ ಇದೆಯಾ ಇಲ್ವಾ ಅಂತ ಹೇಳೋರು ಯಾರು? ಅರಣ್ಯ ಇಲಾಖೆಯ ಆರ್‌ಆರ್‌ಟಿ, ಅಂದ್ರೆ ತುರ್ತು ಸ್ಪಂದನಾ ತಂಡದ ಹುಡುಗರು ಆನೆ ಎಲ್ಲಿದೆ ಅಂತ ವಾಟ್ಸಾಪಲ್ಲಿ ಹಾಕ್ತಾರೆ, ಆ ಗ್ರೂಪಿಗೆ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರ ನಂಬರ್ ಸೇರಿಸೋಕೆ ಒಂದು ರೂಪಾಯಿ ಖರ್ಚಿಲ್ಲ. ಕೊಡಗಲ್ಲಿ ಪರೀಕ್ಷೆ ಸಭೆ ಅಂದ್ರೆ ಆ ಮೇಜಲ್ಲಿ ಅರಣ್ಯದವರಿಗೂ ಒಂದು ಕುರ್ಚಿ ಇರ್ಲೇಬೇಕು.

ಸರಿ ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಕೊನೆಗೊಂದು ಸಾಲು ಬರ್ದಿದೀರಿ, "ಹೋದ ಸಲ 41 ಮಕ್ಕಳ ಚೆಕ್ ಲಿಸ್ಟಲ್ಲಿ 9 ತಪ್ಪು ನಾನೇ ಹಿಡಿದೆ" ಅಂತ. ಗೊಣಗಾಟದ ಮಧ್ಯ ಅದನ್ನ ಹಾಗೇ ದಾಟಿ ಹೋಗಿದೀರಿ. ಒಂಬತ್ತು ಮನೆ ಮೇಷ್ಟ್ರೇ ಅದು. ನೀವು ಗುಮಾಸ್ತಗಿರಿ ಅಂತ ಕರೆದ ಕೆಲಸದಲ್ಲಿ ಒಂಬತ್ತು ಮಕ್ಕಳನ್ನ ನಮ್ಮ ಚಿಕ್ಕಪ್ಪನ ಮಗಳ ಪಾಡಿಂದ ತಪ್ಪಿಸಿದೀರಿ.

ಈ ಸಲ ಇನ್ನೊಂದು ಮಾಡಿ. ಚೆಕ್ ಲಿಸ್ಟ್ ಬಂದ ದಿನ ಪ್ರತಿ ಮಗುವಿನ ಸಾಲಿನ ಜೆರಾಕ್ಸ್ ಮನೆಗೆ ಕಳ್ಸಿ, ಓದೋಕೆ ಬಾರದ ಮನೆಯಾದ್ರೆ ಸಂತೆ ದಿನ ಅಪ್ಪನೋ ಅಮ್ಮನೋ ಪೇಟೆಗೆ ಬಂದೇ ಬರ್ತಾರೆ, ಆಧಾರ್ ತಗೊಂಡು ಶಾಲೆ ಹತ್ರ ಬನ್ನಿ ಅಂತ ಹೇಳಿ ಕಳ್ಸಿ. ಜೊತೆಗೆ ನಿಮ್ಮ ತಾಲೂಕಲ್ಲಿ ಗುಮಾಸ್ತರಿಲ್ಲದ ಹೈಸ್ಕೂಲು ಯಾವ್ಯಾವುದು, ಎಷ್ಟು ವರ್ಷದಿಂದ ಖಾಲಿ, ನಿಮಗೆ ಗೊತ್ತಿರೋಷ್ಟು ಒಂದು ಹಾಳೆಯಲ್ಲಿ ಬರೆದು ನನಗೆ ಅಂಚೆಗೆ ಹಾಕಿ. ನಿಮ್ಮ ಹೆಸರಿರಲ್ಲ. ಪುತ್ತರಿ ಸಂಚಿಕೆಗೆ ಎರಡು ಪುಟ ತೆಗೆದಿಟ್ಟಿದೀನಿ.

— ಸಂ.