ಕಾದಂಬರಿ, ನಾಟಕದ ಪತ್ರಿಕೆಗೆ ಗೈಡಿನ ಸಾರಾಂಶ ಓದಿಕೊಂಡರೆ ಸಾಕಾ?

ನೀವು ಬರೆದಿರುವುದು ಇಷ್ಟು: ಚಿಕ್ಕಮಗಳೂರಿನಲ್ಲಿ ಮೊದಲ ವರ್ಷದ ಬಿ.ಎ., ಐಚ್ಛಿಕ ಕನ್ನಡ, ಪಠ್ಯಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಮತ್ತು ಗಿರೀಶ ಕಾರ್ನಾಡರ ನಾಟಕ ‘ತುಘಲಕ್’. ದಿನಾ ಮೂಡಿಗೆರೆಯಿಂದ ಬಸ್ಸಿನಲ್ಲಿ ಓಡಾಟ, ಪುಸ್ತಕ ಪೂರ್ತಿ ಓದಲು ಪುರುಸೊತ್ತಿಲ್ಲ. ಯಾವ ಗೈಡ್ ತಗೊಳ್ಳಲಿ, ನಾಟಕವಾದರೂ ಬೇಗ ಮುಗಿಯುತ್ತದಲ್ಲವೇ ಅಂತ ಕೇಳಿದ್ದೀರಿ. ಹಾಸನದಲ್ಲಿ ಓದುವಾಗ ನನ್ನ ಲೆಕ್ಕಾಚಾರವೂ ಇದೇ ಆಗಿತ್ತು. ‘ತುಘಲಕ್’ ಕಥೆಯನ್ನು ಗೈಡಿನಿಂದ ಬಾಯಿಪಾಠ ಮಾಡಿ ಪುಟಗಟ್ಟಲೆ ಬರೆದು ಬಂದೆ, ಅಂಕ ಬರಲಿಲ್ಲ. ಈಗ ಇದೇ ಪತ್ರಿಕೆಯನ್ನು ಪಾಠ ಮಾಡುತ್ತೇನೆ, ಉತ್ತರಪತ್ರಿಕೆಗಳಲ್ಲಿ ಅದೇ ತಪ್ಪನ್ನು ನೋಡುತ್ತಲೇ ಇದ್ದೇನೆ. ಆ ತಪ್ಪು ಏನೆಂದು ಮೊದಲು ಬಿಡಿಸಿ ಹೇಳುತ್ತೇನೆ. ಅದು ಅರ್ಥವಾದರೆ ಯಾವ ಗೈಡ್ ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ.

‘ತುಘಲಕ್’ನ ಮೊದಲ ದೃಶ್ಯ ತಗೊಳ್ಳಿ. ಕಾಲ 1327, ಜಾಗ ದೆಹಲಿಯ ನ್ಯಾಯಾಲಯದ ಮುಂಭಾಗ. ಜನ ಸೇರಿದ್ದಾರೆ. ವಿಷ್ಣುಪ್ರಸಾದ ಎಂಬ ಬ್ರಾಹ್ಮಣ, ಸರ್ಕಾರ ತನ್ನ ಭೂಮಿ ಕಿತ್ತುಕೊಂಡಿತೆಂದು ಸುಲ್ತಾನನ ಮೇಲೇ ದಾವೆ ಹೂಡಿದ್ದಾನೆ. ಕಾಜಿಯ ತೀರ್ಪು ಸುಲ್ತಾನನ ವಿರುದ್ಧ ಬರುತ್ತದೆ. ಬ್ರಾಹ್ಮಣನಿಗೆ 500 ಬೆಳ್ಳಿ ದಿನಾರು, ಮೇಲೊಂದು ಸರ್ಕಾರಿ ಹುದ್ದೆ. ಸುಲ್ತಾನ ಹೊರಗೆ ಬಂದು ಜನರೆದುರು ತೀರ್ಪನ್ನು ತಲೆಬಾಗಿ ಒಪ್ಪುತ್ತಾನೆ, ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದಾಗಿ ಸಾರುತ್ತಾನೆ, ಹೋಗುತ್ತಾನೆ. ಗುಂಪು ಚದುರುತ್ತದೆ. ಆಮೇಲೆ, ಹಿಂದೆ ಉಳಿದ ಜೇಬುಗಳ್ಳ ಆಜಮ್ ಆ ಬ್ರಾಹ್ಮಣನ ಗುರುತು ಹಿಡಿಯುತ್ತಾನೆ. ಅವನು ಬ್ರಾಹ್ಮಣನೇ ಅಲ್ಲ, ಅಗಸರ ಅಜೀಜ್, ಆಜಮನ ಹಳೆಯ ಗೆಳೆಯ.

ಇದನ್ನು ಗೈಡ್ ಹೀಗೆ ಬರೆಯುತ್ತದೆ: ಅಜೀಜ್ ಎಂಬ ಅಗಸ ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಮೇಲೆ ಸುಳ್ಳು ದಾವೆ ಹೂಡಿ ಗೆಲ್ಲುತ್ತಾನೆ. ಇದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಕಾರ್ನಾಡರು ಮಾಡಿದ ಕೆಲಸ ಇದರಲ್ಲಿಲ್ಲ. ನಾಟಕದಲ್ಲಿ ಮೊದಲು ನಾವೂ ಆ ಗುಂಪಿನೊಳಗೆ ನಿಂತು ತೀರ್ಪು ಕೇಳುತ್ತೇವೆ. ತನ್ನ ಮೇಲಿನ ದಾವೆಯನ್ನು ತಾನೇ ಒಪ್ಪುವ ದೊರೆ ಎಲ್ಲಿ ಸಿಗುತ್ತಾನೆ ಅಂತ ಮೆಚ್ಚುಗೆ ಹುಟ್ಟುತ್ತದೆ. ಮೆಚ್ಚುಗೆ ಹುಟ್ಟಿ, ಜನ ಚದುರಿದ ಮೇಲೆ, ಆ ನ್ಯಾಯ ನಿಂತಿದ್ದೇ ಮೋಸದ ಮೇಲೆ ಎಂದು ತಿಳಿಯುತ್ತದೆ. ಅದೂ ನಮಗೆ ಮಾತ್ರ. ದೆಹಲಿಯ ಜನಕ್ಕೂ ಗೊತ್ತಿಲ್ಲ, ಸುಲ್ತಾನನಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಅವನ ಒಂದೊಂದು ಆದರ್ಶದ ಮಾತು ಕೇಳುವಾಗಲೂ ನಮ್ಮ ತಲೆಯಲ್ಲಿ ಅಜೀಜ್ ಇರುತ್ತಾನೆ. 13ನೇ ದೃಶ್ಯದಲ್ಲಿ ಅದೇ ಅಜೀಜ್, ತಾನು ಮೊದಲೇ ಕೊಂದಿದ್ದ ಖಲೀಫರ ವಂಶದ ಗಿಯಾಸುದ್ದೀನನ ವೇಷದಲ್ಲಿ ಸಿಕ್ಕಿಬೀಳುತ್ತಾನೆ. ಸುಲ್ತಾನ ಅವನನ್ನು ಶಿಕ್ಷಿಸದೆ ಅಧಿಕಾರ ಕೊಟ್ಟು ಕಳಿಸುತ್ತಾನೆ. ಮೊದಲ ದೃಶ್ಯ ನಮ್ಮ ಮೇಲೆ ಏನು ಮಾಡಿತ್ತು ಎಂಬುದು ಗೊತ್ತಿಲ್ಲದವರಿಗೆ ಈ ಕೊನೆ ಒಂದು ವಿಚಿತ್ರ ತಿರುವಿನ ಹಾಗೆ ಕಾಣುತ್ತದೆ, ಅಷ್ಟೆ.

ಸಾರಾಂಶದ ಗುಣವೇ ಅದು. ನಡೆದದ್ದನ್ನು ನಡೆದ ಕ್ರಮದಲ್ಲಿ ನೇರ ಮಾಡಿ ಜೋಡಿಸುತ್ತದೆ. ಲೇಖಕ ಯಾವುದನ್ನು ಮೊದಲು ತೋರಿಸಿದ, ಯಾವುದನ್ನು ತಡೆಹಿಡಿದ, ಯಾರಿಗೆ ತಿಳಿಸಿದ, ಯಾರಿಂದ ಮುಚ್ಚಿಟ್ಟ ಅನ್ನುವುದನ್ನೆಲ್ಲ ಅಳಿಸುತ್ತದೆ. ಪ್ರಶ್ನೆ ಬರುವುದು ಅಳಿಸಿದ ಭಾಗದ ಮೇಲೆ. ‘ತುಘಲಕನ ಆದರ್ಶ ಮತ್ತು ವಾಸ್ತವದ ಸಂಘರ್ಷವನ್ನು ವಿವೇಚಿಸಿ’ ಎಂದು ಕೇಳಿದಾಗ ಕಥೆ ಬರೆದರೆ, ಮೌಲ್ಯಮಾಪಕರಿಗೆ ಗೊತ್ತಿರುವುದನ್ನೇ ಮತ್ತೆ ಹೇಳಿದ ಹಾಗಾಯಿತು. ಪುಟ ತುಂಬುತ್ತದೆ, ಪ್ರಶ್ನೆಗೆ ಉತ್ತರ ಶುರುವಾಗಿಯೇ ಇರುವುದಿಲ್ಲ. ‘ಇಷ್ಟು ಬರೆದೆನಲ್ಲ, ಅಂಕ ಯಾಕಿಲ್ಲ’ ಎಂಬ ದೂರು ಹುಟ್ಟುವುದು ಇಲ್ಲಿ.

ಹಾಗಾಗಿ ‘ಪುಸ್ತಕ ಓದಲು ಪುರುಸೊತ್ತಿಲ್ಲ, ಸಾರಾಂಶ ಸಾಕೇ’ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಸಣ್ಣ ಪುಸ್ತಕಗಳು. ದಿನಕ್ಕೆ 20 ಪುಟದಂತೆ ಓದಿದರೆ ‘ಕರ್ವಾಲೊ’ ಹತ್ತು ದಿನದೊಳಗೆ ಮುಗಿಯುತ್ತದೆ. ಗೈಡಿನ ಉತ್ತರ ಬಾಯಿಪಾಠ ಮಾಡಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ನಾಟಕ ಬೇಗ ಮುಗಿಯುತ್ತದೆ ಎಂಬುದೂ ತಪ್ಪು ಎಣಿಕೆ. ಪುಟ ಕಡಿಮೆ, ಖಾಲಿ ಜಾಗ ಜಾಸ್ತಿ, ನಿಜ. ಆದರೆ ಕಾದಂಬರಿಯಲ್ಲಿ ನಿಮಗೆ ಹೇಳುವವನೊಬ್ಬ ಇರುತ್ತಾನೆ. ಅವನಿಗೆ ಸಿಟ್ಟು ಬಂತು, ಅವಳು ಸುಳ್ಳು ಹೇಳಿದಳು, ಆಗ ಕತ್ತಲಾಗಿತ್ತು ಎಂದು ತಿಳಿಸುತ್ತಾನೆ. ನಾಟಕದಲ್ಲಿ ಮಾತು ಮತ್ತು ರಂಗಸೂಚನೆ, ಎರಡೇ. ಉಳಿದದ್ದನ್ನು ಓದುವವರೇ ಕಟ್ಟಿಕೊಳ್ಳಬೇಕು. ಪುಟಕ್ಕೆ ಪುಟ ಲೆಕ್ಕ ಹಾಕಿದರೆ ನಾಟಕಕ್ಕೆ ಕಾದಂಬರಿಯ ಎರಡರಷ್ಟು ಸಮಯ ಇಟ್ಟುಕೊಳ್ಳಿ.

ಓದುವ ಕ್ರಮ ಹೀಗಿರಲಿ. ಮೂರು ನಾಲ್ಕು ಸಹಪಾಠಿಗಳನ್ನು ಸೇರಿಸಿಕೊಂಡು ಪಾತ್ರ ಹಂಚಿಕೊಳ್ಳಿ, ಗಟ್ಟಿಯಾಗಿ ಓದಿ. ಊಟದ ಬಿಡುವಿನಲ್ಲಿ ಒಂದು ದೃಶ್ಯ ಸಾಕು. ಒಬ್ಬರು ಬರೀ ರಂಗಸೂಚನೆ ಓದಬೇಕು, ಅದನ್ನು ಹಾರಿಸಲೇಬಾರದು. ‘ತುಘಲಕ್’ನ ಕೊನೆಯನ್ನೇ ನೋಡಿ: ಸುಲ್ತಾನ ಕುಳಿತಲ್ಲೇ ನಿದ್ದೆಹೋಗುತ್ತಾನೆ, ಪ್ರಾರ್ಥನೆಯ ಕರೆ ಕೇಳುತ್ತದೆ, ತಟ್ಟನೆ ಕಣ್ಣು ತೆರೆದು ಎಲ್ಲಿದ್ದೇನೆಂದು ತಿಳಿಯದವನಂತೆ ದಿಗಿಲಿನಿಂದ ಸುತ್ತ ನೋಡುತ್ತಾನೆ. ಅಲ್ಲಿ ಅವನಿಗೆ ಒಂದು ಮಾತೂ ಇಲ್ಲ. ಪ್ರಾರ್ಥನೆಯನ್ನೇ ನಿಷೇಧಿಸಿ ಆಮೇಲೆ ಮರಳಿ ತಂದವನ ನಾಟಕ ಆ ಕರೆಯಲ್ಲಿ ಮುಗಿಯುತ್ತದೆ. ಬರೀ ಸಂಭಾಷಣೆ ಓದಿಕೊಂಡು ಹೋದವರಿಗೆ ಈ ಮುಕ್ತಾಯ ಸಿಗುವುದೇ ಇಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ದೃಶ್ಯ, ಯಾರು ಬಂದರು, ಯಾರು ಹೋದರು, ಯಾರಿಗೆ ಏನು ಗೊತ್ತು. 13 ದೃಶ್ಯಕ್ಕೆ 13 ಸಾಲು, ಎದುರುಬದುರು ಎರಡು ಪುಟದಲ್ಲಿ ಇಡೀ ನಾಟಕ. ನಾಲ್ಕನೆಯ ಕಾಲಮ್ಮೇ ಮುಖ್ಯ. ಅಮೀರರು ಪ್ರಾರ್ಥನೆಯ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲುವ ಸಂಚು ಹೂಡುವುದನ್ನು ನಾವು 5ನೇ ದೃಶ್ಯದಲ್ಲಿ ನೋಡಿರುತ್ತೇವೆ. ಆಗ ನಮಗೆ ಗೊತ್ತು, ಸುಲ್ತಾನನಿಗೆ ಗೊತ್ತಿಲ್ಲ ಎಂದುಕೊಳ್ಳುತ್ತೇವೆ. 6ನೇ ದೃಶ್ಯದಲ್ಲಿ ಅವನಿಗೆ ಮೊದಲೇ ಸುದ್ದಿ ಸಿಕ್ಕಿತ್ತೆಂದು ಬಯಲಾಗುತ್ತದೆ. ಅಂದರೆ ಸಂಚಿನಲ್ಲಿದ್ದ ಶಿಹಾಬುದ್ದೀನನ ಜೊತೆ ನಾವೂ ಬಲೆಗೆ ಬಿದ್ದಿದ್ದೆವು. ಈ ಕಾಲಂ ತುಂಬಿದ್ದರೆ ‘ನಾಟಕೀಯ ವ್ಯಂಗ್ಯ’ದ (ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರುವುದು) ಮೇಲೆ ಪ್ರಶ್ನೆ ಬಂದಾಗ ಬೇರೆ ತಯಾರಿ ಬೇಕಿಲ್ಲ.

ಸಾಧ್ಯವಾದರೆ ಒಂದು ನಾಟಕವನ್ನಾದರೂ ಕಣ್ಣಾರೆ ನೋಡಿ, ಪಠ್ಯದ್ದೇ ಆಗಬೇಕಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ‘ತಿರುಗಾಟ’ ಎಂಬ ನಾಟಕ ಪ್ರವಾಸ ನಡೆಸುತ್ತಿದೆ, ಸಾಣೇಹಳ್ಳಿಯ ಶಿವಸಂಚಾರ ತಂಡವೂ ಊರೂರು ಸುತ್ತುತ್ತದೆ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೋ ಪ್ರದರ್ಶನ ಇದೆಯಾ ಅಂತ ವಿಚಾರಿಸುತ್ತಿರಿ. ಬೆಳಕು ಬಂದಾಗ ರಂಗದ ಮೇಲೆ ಏನೇನಿದೆ, ಯಾರು ಯಾವ ಕಡೆಯಿಂದ ಬರುತ್ತಾರೆ, ಯಾರೂ ಮಾತಾಡದ ಹೊತ್ತಿನಲ್ಲಿ ಏನು ನಡೆಯುತ್ತದೆ, ಇಷ್ಟನ್ನು ಗಮನಿಸಿ. ಅದಾದ ಮೇಲೆ ಪುಸ್ತಕದ ರಂಗಸೂಚನೆಗಳು ಕಣ್ಣಿಗೆ ಕಟ್ಟತೊಡಗುತ್ತವೆ.

ಇನ್ನು ‘ಕರ್ವಾಲೊ’. ನೀವು ಮೂಡಿಗೆರೆಯವರು. ಜೇನು, ಮಳೆ, ತೋಟದ ಕೆಲಸ ಯಾವುದಕ್ಕೂ ಅಡಿಟಿಪ್ಪಣಿ ಬೇಡ. ಆದರೆ ಅದರಲ್ಲೇ ಒಂದು ಅಪಾಯವೂ ಇದೆ. ಗುರುತಿನ ಊರು, ಗುರುತಿನ ಮನುಷ್ಯರು ಅಂತ ಓದುತ್ತಾ, ಕಥೆ ಹೇಳುವ ‘ನಾನು’ ತೇಜಸ್ವಿಯವರೇ ಎಂದುಕೊಂಡು ಬಿಡುತ್ತೀರಿ. ಉತ್ತರದಲ್ಲಿ ‘ತೇಜಸ್ವಿ ಮಂದಣ್ಣನನ್ನು ಭೇಟಿಯಾಗುತ್ತಾರೆ’ ಅಂತ ಬರೆಯುವವರು ಬಹಳ ಜನ. ಬರೆಯಬೇಕಾದದ್ದು ‘ನಿರೂಪಕ ಭೇಟಿಯಾಗುತ್ತಾನೆ’ ಎಂದು. ಲೇಖಕನ ಬದುಕಿಗೆ ಎಷ್ಟೇ ಹತ್ತಿರವಿದ್ದರೂ ನಿರೂಪಕನೂ ಕಟ್ಟಿದ ಪಾತ್ರವೇ. ಅನುಮಾನವಿದ್ದರೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದಿ. ಅಲ್ಲಿ ‘ನಾನು’ ಅನ್ನುವುದು ಮಂಗಮ್ಮನಿಂದ ಮೊಸರು ಕೊಳ್ಳುವ ಮನೆಯ ಹೆಂಗಸು, ಬರೆದವರು ಮಾಸ್ತಿ.

ಈ ಬೇರ್ಪಡಿಕೆಯಿಂದ ಸಿಗುವ ಲಾಭ ದೊಡ್ಡದು. ಹಳ್ಳಿಯ ಹುಡುಗ ಮಂದಣ್ಣನನ್ನು ಊರವರು ಕಾಣುವುದು ಒಂದು ಥರ, ವಿಜ್ಞಾನಿ ಕರ್ವಾಲೊ ಕಾಣುವುದು ಇನ್ನೊಂದು ಥರ. ಊರಿಗೆ ಅವನು ಕೆಲಸಕ್ಕೆ ಬಾರದವನು, ಕರ್ವಾಲೊಗೆ ಹುಟ್ಟು ನಿಸರ್ಗಶಾಸ್ತ್ರಜ್ಞ. ನಿರೂಪಕ ಇವೆರಡರ ನಡುವೆ ಓಲಾಡುತ್ತಾನೆ, ಅವನ ಜೊತೆ ನಾವೂ ಓಲಾಡುತ್ತೇವೆ. ಮಂದಣ್ಣನ ಪಾತ್ರಚಿತ್ರಣ ಕೇಳಿದರೆ ‘ಮುಗ್ಧ, ಪ್ರಾಮಾಣಿಕ, ಹಳ್ಳಿಗ’ ಅಂತ ವಿಶೇಷಣ ಪೋಣಿಸಬೇಡಿ. ಈ ಮೂರು ನೋಟಗಳನ್ನು ಒಂದೊಂದು ಪ್ರಸಂಗ ಕೊಟ್ಟು ಬರೆಯಿರಿ, ನಿರೂಪಕನ ನೋಟ ಎಲ್ಲಿ ಬದಲಾಯಿತು ಎಂದು ತೋರಿಸಿ.

ಗೈಡ್ ಈ ಕಾದಂಬರಿಗೆ ‘ಹಾರುವ ಓತಿಯ ಹುಡುಕಾಟದ ಕಥೆ’ ಎಂದು ಚೀಟಿ ಅಂಟಿಸಿಬಿಡುತ್ತದೆ. ಓದಿ ನೋಡಿ, ಆ ಹುಡುಕಾಟಕ್ಕೆ ಮೊದಲು ಎಷ್ಟು ಪುಟ ಜೇನಿಗೆ, ಮಂದಣ್ಣನ ಮದುವೆಗೆ, ಅವನ ಮೇಲಿನ ಕೇಸಿಗೆ ಹೋಗುತ್ತದೆ ಅಂತ. ಅದು ಪೀಠಿಕೆಯಲ್ಲ. ದಿನದಿನದ ಗಲಿಬಿಲಿಯ ನಡುವೆಯೇ ಲಕ್ಷಾಂತರ ವರ್ಷ ಹಿಂದಿನ ಜೀವಿಯೊಂದು ಇದೆ, ನೋಡುವ ಕಣ್ಣು ಬೇಕು ಎಂಬುದನ್ನು ಕಾದಂಬರಿ ಹೇಳುವುದೇ ಆ ಪುಟಗಳ ಮೂಲಕ. ಕೊನೆಗೆ ಓತಿ ಕೈಗೆ ಸಿಗದೆ ಹೋದಾಗ ಸೋಲು ಅನ್ನಿಸದಿರುವುದಕ್ಕೂ ಅವೇ ಪುಟಗಳು ಕಾರಣ.

ಬಸ್ಸಿನಲ್ಲಿ ಓದಬೇಡಿ. ಆ ತಿರುವಿನ ರಸ್ತೆಯಲ್ಲಿ ತಲೆ ಸುತ್ತುತ್ತದೆ, ಓದಿದ್ದೂ ನಿಲ್ಲುವುದಿಲ್ಲ. ರಾತ್ರಿ ಒಂದು ಅಧ್ಯಾಯ ಓದಿ, ಮೂರು ಸಾಲು ಬರೆದಿಡಿ: ಯಾರ ಕಣ್ಣಿನಿಂದ ನೋಡಿದೆವು, ಎಲ್ಲಿ ಯಾವಾಗ ನಡೆಯಿತು, ಅಧ್ಯಾಯದ ಶುರುವಿನಲ್ಲಿ ಇದ್ದದ್ದು ಕೊನೆಗೆ ಏನು ಬದಲಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ಪುಸ್ತಕ ತೆರೆಯದೆ ಆ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಏನೂ ಬದಲಾಗಿಲ್ಲ ಅನ್ನಿಸಿದರೆ ಏನೋ ತಪ್ಪಿಹೋಗಿದೆ, ಮತ್ತೊಮ್ಮೆ ನೋಡಿ. ಎರಡನೇ ಸಲ ಪೂರ್ತಿ ಓದಬೇಕಿಲ್ಲ. ಮೊದಲ ಅಧ್ಯಾಯ, ಕಥೆ ದಿಕ್ಕು ಬದಲಿಸುವ ಜಾಗ, ಕೊನೆಯ ಅಧ್ಯಾಯ ಸಾಕು. ಈ ಮೂರರಿಂದಲೂ ಹತ್ತು ಹತ್ತು ಸಾಲು ಕೈಯಾರೆ ನಕಲು ಮಾಡಿ. ವಾಕ್ಯ ಎಲ್ಲಿ ಚಿಕ್ಕದಾಯಿತು, ಮಾತು ಎಲ್ಲಿ ಆಡುಭಾಷೆಗೆ ಇಳಿಯಿತು ಎಂಬುದು ಬರೆಯುವ ಕೈಗೆ ಗೊತ್ತಾಗುವಷ್ಟು ಕಣ್ಣಿಗೆ ಗೊತ್ತಾಗುವುದಿಲ್ಲ.

ಹಾಸನದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದು, ಭೈರಪ್ಪನವರ ಕಾದಂಬರಿ ‘ಗೃಹಭಂಗ’ (1970) ಪಠ್ಯವಾಗಿದ್ದರೆ ಕ್ರಮ ಇದೇ. ಅಲ್ಲಿ ‘ನಾನು’ ಇಲ್ಲ. ಹಾಗಾಗಿ ಅತ್ತೆ ಗಂಗಮ್ಮನ ಬೈಗುಳದ ಭಾಷೆಯನ್ನೂ ಅದನ್ನು ವರದಿ ಮಾಡುವ ನಿರೂಪಣೆಯ ತಣ್ಣಗಿನ ಭಾಷೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಚನ್ನರಾಯಪಟ್ಟಣದ ಸೀಮೆಯವರಿಗೆ ಆ ಬೈಗುಳದ ಲಯ ಬೇರೆಯವರಿಗಿಂತ ಬೇಗ ಸಿಗುತ್ತದೆ, ಅದನ್ನು ಉತ್ತರದಲ್ಲಿ ಬಳಸಿಕೊಳ್ಳಿ.

ಪರೀಕ್ಷೆಯಲ್ಲಿ 10 ಅಂಕದ ಪ್ರಶ್ನೆಗೆ 20ರಿಂದ 25 ನಿಮಿಷ ಇಡಿ. ಮೊದಲ ಎರಡು ಮೂರು ನಿಮಿಷ ಬರೆಯಬೇಡಿ. ಪ್ರಶ್ನೆಯ ಕ್ರಿಯಾಪದ ಏನು ಕೇಳುತ್ತಿದೆ ನೋಡಿ, ಕೊನೆಯ ಪುಟದಲ್ಲಿ ಮೂರು ಅಂಶ ಗುರುತು ಹಾಕಿಕೊಳ್ಳಿ. ಮೊದಲ ವಾಕ್ಯವೇ ನಿಮ್ಮ ಉತ್ತರವಾಗಿರಲಿ. ಕವಿಪರಿಚಯ, ಹುಟ್ಟಿದ ಊರು, ಪ್ರಶಸ್ತಿಗಳ ಪಟ್ಟಿ ಕೇಳದಿದ್ದರೆ ಬೇಡ. ಕಥೆಗೆ ಎರಡು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಒಂದೊಂದು ಅಂಶಕ್ಕೂ ಒಂದು ಹೇಳಿಕೆ, ಅದು ಪಠ್ಯದ ಯಾವ ದೃಶ್ಯದಲ್ಲಿ ಅಥವಾ ಪ್ರಸಂಗದಲ್ಲಿದೆ ಎಂಬ ಗುರುತು, ಆ ಜಾಗ ನಿಮ್ಮ ಹೇಳಿಕೆಯನ್ನು ಹೇಗೆ ಎತ್ತಿಹಿಡಿಯುತ್ತದೆ ಎಂಬ ವಿವರಣೆ. ಹೆಚ್ಚಿನವರು ಮೊದಲ ಎರಡನ್ನು ಬರೆದು ಮೂರನೆಯದನ್ನು ಬಿಡುತ್ತಾರೆ. ಅಂಕ ಇರುವುದೇ ಮೂರನೆಯದರಲ್ಲಿ. ಮಾತು ಅಕ್ಷರಶಃ ನೆನಪಿಲ್ಲದಿದ್ದರೆ ಉದ್ಧರಣ ಚಿಹ್ನೆ ಹಾಕಿ ಕಲ್ಪಿಸಿ ಬರೆಯಬೇಡಿ, ಸನ್ನಿವೇಶವನ್ನು ಹೇಳಿದರೆ ಸಾಕು. ಪಾತ್ರ ಆಡಿದ ಮಾತನ್ನು ‘ಕಾರ್ನಾಡರು ಹೇಳುತ್ತಾರೆ’ ಎಂದು ಲೇಖಕರ ತಲೆಗೆ ಕಟ್ಟಬೇಡಿ. ಅಜೀಜನ ಮಾತು ಅಜೀಜನದು.

ಗೈಡ್ ಈಗಾಗಲೇ ತಂದಿದ್ದರೆ ಇರಲಿ. ಪಾತ್ರಗಳ ಹೆಸರು ಮರೆತಾಗ ನೋಡಲು, ಹಳೆಯ ಪ್ರಶ್ನೆಪತ್ರಿಕೆಗಳಿಗೆ, ಇವೆರಡಕ್ಕೆ ಮಾತ್ರ ಬಳಸಿ. ಪ್ರಶ್ನೆ ಓದಿ, ಅಲ್ಲಿನ ಉತ್ತರ ಮುಚ್ಚಿ, ನಿಮ್ಮ ಕಾಲಮ್ಮಿನ ನೋಟ್‌ಬುಕ್ಕಿನಿಂದ ಬರೆಯಿರಿ. ಬರೆದದ್ದನ್ನು ನಿಮ್ಮ ಮೇಷ್ಟ್ರಿಗೋ ಮೇಡಮ್ಮಿಗೋ ತೋರಿಸಿ, ಎಲ್ಲಿ ಬರೀ ಕಥೆ ಹೇಳಿದ್ದೀರೋ ಆ ಸಾಲುಗಳ ಕೆಳಗೆ ಗೆರೆ ಎಳೆದುಕೊಡಿ ಅಂತ ಕೇಳಿ. ಪರೀಕ್ಷೆಗೆ ಮೊದಲು ಹೀಗೆ ನಾಲ್ಕು ಉತ್ತರವಾದರೂ ತಿದ್ದಿಸಿಕೊಳ್ಳಿ, ಎರಡು ಕಾದಂಬರಿಯ ಮೇಲೆ, ಎರಡು ನಾಟಕದ ಮೇಲೆ.