ತೆಗೆದಷ್ಟೂ ಹಬ್ಬುವ ಅಂತರಗಂಗೆ

ಪ್ರಶ್ನೆ: ನಮ್ಮ ಕೆರೆಯನ್ನು ಮುಚ್ಚಿದ್ದ ಅಂತರಗಂಗೆಯನ್ನು (ತೇಲುವ ಕಳೆ ವಾಟರ್ ಹಯಸಿಂತ್) ಯಂತ್ರದಿಂದ ತೆಗೆಸಿದ ಕೆಲವೇ ತಿಂಗಳಲ್ಲಿ ಅದು ಮತ್ತೆ ಹಬ್ಬಿದೆ. ಕಳೆನಾಶಕ ಸಿಂಪಡಿಸಿದರೆ ಶಾಶ್ವತ ಪರಿಹಾರ ದೊರೆಯುವುದೇ?

ಉತ್ತರ: ದೊರೆಯುವುದಿಲ್ಲ. ಅಮೆಜಾನ್ ಕೊಳ್ಳದಿಂದ ಲೋಕದ ತುಂಬ ಹರಡಿದ ಈ ಸಸ್ಯವು ಬೆಚ್ಚಗಿನ, ಸಾರವತ್ತಾದ ನೀರಿನಲ್ಲಿ ಎರಡು ವಾರದೊಳಗೆ ಇಮ್ಮಡಿಯಾಗಬಲ್ಲದು. ದಡದ ಜೊಂಡಿನ ಮರೆಯಲ್ಲಿ ಯಂತ್ರಕ್ಕೆ ಸಿಗದೆ ಉಳಿದ ಒಂದೊಂದು ಗಿಡವೂ ಹಂಬು ಚಾಚಿ ಅದರ ತುದಿಯಲ್ಲಿ ಮರಿಗಿಡ ಬಿಡುತ್ತದೆ. ಕೆಸರಿನಲ್ಲಿ ಹೂತ ಬೀಜಗಳಂತೂ 15–20 ವರ್ಷ ಜೀವ ಹಿಡಿದಿರುತ್ತವೆ. ಇಡೀ ಕೆರೆಗೆ ಒಮ್ಮೆಗೇ ಕಳೆನಾಶಕ ಸಿಂಪಡಿಸಿದರೆ, ಸತ್ತ ಗಿಡಗಳ ರಾಶಿ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರಿಕೊಂಡು ಮೀನುಗಳು ಸಾಯುತ್ತವೆ, ಗಿಡದಲ್ಲಿದ್ದ ಸಾರಜನಕ ಮತ್ತು ರಂಜಕ ಮತ್ತೆ ನೀರಿಗೇ ಸೇರಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ. ಆದ್ದರಿಂದ ಒಳಬರುವ ಕೊಳಚೆ ನೀರನ್ನು ತಡೆಯದೆ ಮಾಡುವ ಯಾವ ಸ್ವಚ್ಛತೆಯೂ ಬಾಳುವುದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ತೆಗೆದ ಗಿಡವನ್ನು ದಡದಲ್ಲೇ ಗುಡ್ಡೆ ಹಾಕಬಾರದು. ಮಳೆ ಬಂದರೆ ಅದರ ಸಾರವೆಲ್ಲ ಕೆರೆಗೇ ಇಳಿಯುತ್ತದೆ.

ಕಳೆಯನ್ನು ತಿನ್ನುವ ಕೀಟಗಳಿಂದ ಅದನ್ನು ಹತೋಟಿಗೆ ತರುವ ಜೈವಿಕ ನಿಯಂತ್ರಣಕ್ಕೆ ತಾಳ್ಮೆ ಬೇಕು, ಸರಿಯಾದ ಕೀಟವೂ ಬೇಕು. ಉದಾಹರಣೆಗೆ, ಇನ್ನೊಂದು ನೀರಿನ ಕಳೆ, ತೇಲುವ ಜರೀಗಿಡವಾದ ಸಾಲ್ವೀನಿಯಾವನ್ನು ಮೊದಲು ಬೇರೊಂದು ಪ್ರಭೇದವೆಂದು ಭಾವಿಸಿದ್ದರಿಂದ ಅದಕ್ಕಾಗಿ ತಂದ ಕೀಟಗಳು ನಿರೀಕ್ಷಿತ ಫಲ ಕೊಡಲಿಲ್ಲ. 1972ರಲ್ಲಿ ಅದಕ್ಕೆ ಪ್ರತ್ಯೇಕ ಪ್ರಭೇದದ ಸ್ಥಾನ ದೊರೆತು, ಅನಂತರ ಅದರ ತವರು ಆಗ್ನೇಯ ಬ್ರೆಜಿಲ್ ಎಂದು ಪತ್ತೆಯಾದ ಮೇಲೆ ಅಲ್ಲಿಂದ ತಂದ ಪುಟ್ಟ ಮೂತಿಹುಳುವನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಸರೋವರದಲ್ಲಿ ಬಿಡಲಾಯಿತು. ಮರಿಹುಳು ಕಾಂಡವನ್ನು ಕೊರೆದರೆ, ಬೆಳೆದ ಹುಳು ಚಿಗುರನ್ನೇ ಮೇಯುತ್ತದೆ. ಸುಮಾರು ಒಂದು ವರ್ಷದಲ್ಲಿ ಆ ಸರೋವರದ ಕಳೆ ಬಹುತೇಕ ನಾಶವಾಯಿತು. ಅಂತರಗಂಗೆಗೂ ನಿಯೊಚೆಟಿನಾ ಕುಲದ ಎರಡು ಮೂತಿಹುಳುಗಳಿವೆ. ಅವು ಎಲೆಯನ್ನು ಕೆರೆದು ತಿಂದು, ತೊಟ್ಟಿನೊಳಗೆ ಸುರಂಗ ಕೊರೆದು ಗಿಡವನ್ನು ನಿಧಾನವಾಗಿ ಕುಗ್ಗಿಸುತ್ತವೆ. ಇವನ್ನು ಪರಿಣತರ ಅನುಮತಿಯಿಂದಲೇ ಬಿಡಬೇಕು, ಮತ್ತು ಹುಳು ನೆಲೆಸಿದ ಭಾಗವನ್ನು ಯಂತ್ರದಿಂದ ಪೂರ್ತಿ ಬಾಚಬಾರದು.

ಪ್ರಶ್ನೆ: ನೀರಿನೊಳಗೆ ಬೆಳೆಯುವ ಹೈಡ್ರಿಲ್ಲಾವನ್ನು ಕತ್ತರಿಸಿ ತೆಗೆಯಬಹುದೇ?

ಉತ್ತರ: ಎಚ್ಚರ ವಹಿಸಿ ತೆಗೆಯಬಹುದು. ಗೆಣ್ಣಿರುವ ಸಣ್ಣ ತುಂಡೂ ಹೊಸ ಗಿಡವಾಗುವುದರಿಂದ ಕತ್ತರಿಸಿದ್ದನ್ನೆಲ್ಲ ಬಲೆಯಿಂದ ಕೂಡಲೇ ಸೋಸಿ ಹೊರತೆಗೆಯಬೇಕು. ಕೆಸರಿನಲ್ಲಿ ಉಳಿಯುವ ಅದರ ಪುಟ್ಟ ಗೆಡ್ಡೆಗಳು ವರ್ಷಗಳ ನಂತರವೂ ಚಿಗುರಬಲ್ಲವು. ಒಂದೇ ಸಲ ತೆಗೆದು ಸುಮ್ಮನಾಗುವಂತಿಲ್ಲ. ದೋಣಿ, ಬಲೆಗಳನ್ನು ಬೇರೆ ಕೆರೆಗೆ ಒಯ್ಯುವ ಮೊದಲು ತೊಳೆದು ಚೆನ್ನಾಗಿ ಒಣಗಿಸಿರಿ.