ನಾಲ್ಕೂವರೆಯೋ, ನಲವತ್ತೈದೋ

ಓದುಗರೊಬ್ಬರ ಪತ್ರ: ‘ಸಾಲುಮರದ ತಿಮ್ಮಕ್ಕನವರ ಕುರಿತ ನಿಮ್ಮ ನುಡಿನಮನ ತಡವಾಗಿ ಬಂತು. ಬಂದದ್ದೂ ಪಹಣಿ ಓದಿದ ಹಾಗಿತ್ತು, “ತುಂಬಲಾರದ ನಷ್ಟ” ಎಂಬ ಮಾತು ಹುಡುಕಿದರೂ ಸಿಗಲಿಲ್ಲ. ಎಷ್ಟೋ ಕಡೆ 45 ಕಿಲೋಮೀಟರ್ ಎಂದು ಬಂದಿರುವ ಮರಗಳ ಸಾಲನ್ನು ನೀವು ನಾಲ್ಕೂವರೆಗೆ ಇಳಿಸಿದಿರಿ. ಹಿಂದೆ ಎಸ್.ಎಂ. ಕೃಷ್ಣ ತೀರಿಕೊಂಡಾಗಲೂ ಅವರು ಪಕ್ಷ ಬಿಟ್ಟದ್ದನ್ನು ಬಿಡದೆ ಬರೆದಿರಿ. ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಲು ಏನು ಕಷ್ಟ?’

ಉತ್ತರ: ದುಃಖದ ಹೊತ್ತಿನಲ್ಲಿ ಜನ ಲೆಕ್ಕ ಕೇಳುವುದಿಲ್ಲ, ಸಾಂತ್ವನ ಕೇಳುತ್ತಾರೆ. ಆ ಮಾತು ಒಪ್ಪಿದೆ. ತಿಮ್ಮಕ್ಕನವರ ಮೇಲಿನ ನಿಮ್ಮ ಅಕ್ಕರೆಯೂ ಪತ್ರದ ತುಂಬ ಕಾಣುತ್ತದೆ. ಆ ಅಕ್ಕರೆಯಿಂದಲೇ ಒಂದು ಸಣ್ಣ ಲೆಕ್ಕ ಮಾಡಿ ನೋಡಿ.

ಹುಲಿಕಲ್‌ನಿಂದ ಕುದೂರಿಗೆ ನಾಲ್ಕೈದು ಕಿಲೋಮೀಟರ್. ಎರಡೂ ಮಾಗಡಿ ತಾಲ್ಲೂಕಿನ ಊರುಗಳೇ. ಮರಗಳು 385. ರಸ್ತೆಯ ಎರಡೂ ಬದಿಗೆ ಸಮನಾಗಿ ಹಂಚಿದರೆ, ನಾಲ್ಕೂವರೆ ಕಿಲೋಮೀಟರಿನಲ್ಲಿ ಸುಮಾರು 23 ಮೀಟರಿಗೆ ಒಂದು ಆಲ ಬರುತ್ತದೆ. ಬೆಳೆದ ಆಲದ ಕೊಂಬೆ ಪಕ್ಕದ ಮರದ ಕೊಂಬೆಯನ್ನು ಮುಟ್ಟುವ ದೂರ ಅದು. 45 ಕಿಲೋಮೀಟರಿಗೆ ಹಂಚಿದರೆ 230 ಮೀಟರಿಗೂ ಮಿಕ್ಕಿದ ದೂರಕ್ಕೆ ಒಂದು ಮರ. ಅದು ಸಾಲುಮರ ಹೇಗಾದೀತು? ಎಲ್ಲೋ ಒಂದು ಕಡೆ ದಶಾಂಶದ ಚುಕ್ಕೆ ಬಿದ್ದುಹೋಗಿರಬೇಕು. ಉಳಿದವರು ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿಕೊಂಡರು. ಇನ್ನು ನೀರಿನ ವಿಷಯ. ತಿಮ್ಮಕ್ಕ ಮತ್ತು ಪತಿ ಚಿಕ್ಕಯ್ಯ ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಮಳೆಗಾಲಕ್ಕೆ ನೆಟ್ಟು, ಆಮೇಲೆ ನೀರು ಹೊತ್ತು ಹಾಕಿ, ದನ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಿ ಉಳಿಸಿಕೊಂಡರು. ಕೂಲಿ ಮಾಡುವ ಇಬ್ಬರು ನಡೆದು ನೀರುಣಿಸಬಹುದಾದ ದೂರ ನಾಲ್ಕೂವರೆ ಕಿಲೋಮೀಟರ್. ಅದನ್ನು ಹತ್ತು ಪಟ್ಟು ಹಿಗ್ಗಿಸಿದ ಕೂಡಲೇ ಆ ಇಬ್ಬರ ಬೆವರು ಪವಾಡದ ಕಥೆಯಾಗುತ್ತದೆ, ಪವಾಡವನ್ನು ಯಾರೂ ಅನುಸರಿಸಲಾರರು. ಅವರ ಕೆಲಸವನ್ನು ಕುಗ್ಗಿಸಿದ್ದು ಯಾರು, ನೀವೇ ಹೇಳಿ.

ವಿಶೇಷಣಗಳಿಂದ ಆಗುವ ಹಾನಿ ಇದಕ್ಕಿಂತ ದೊಡ್ಡದು. 2024ರ ಡಿಸೆಂಬರ್ 16ರಂದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ತೀರಿಕೊಂಡರು. ಅವರಿಗೂ ‘ವೃಕ್ಷಮಾತೆ’ ಎಂದರು, 2025ರ ನವೆಂಬರ್ 14ರಂದು ತಿಮ್ಮಕ್ಕ ಹೋದಾಗ ಅವರಿಗೂ ‘ವೃಕ್ಷಮಾತೆ’ ಎಂದರು. ಇಬ್ಬರ ಕೆಲಸ ಬೇರೆ ಬೇರೆ. ಒಬ್ಬರು ರಸ್ತೆಬದಿಯಲ್ಲಿ ಆಲ ಬೆಳೆಸಿದವರು. ಇನ್ನೊಬ್ಬರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದವರು. ಕಾಡಿನಲ್ಲಿ ಯಾವ ಜಾತಿಗೆ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಿದರೆ ಚೆನ್ನಾಗಿ ಮೊಳೆಯುತ್ತದೆ ಎಂದು ಬಲ್ಲವರು. ಅವರ ನುಡಿನಮನವೆಂದರೆ ಬರಿಗಾಲಲ್ಲಿ ಪದ್ಮಶ್ರೀ ಪಡೆದ ಆ ಒಂದು ಚಿತ್ರ, ಅಷ್ಟೇ ಆಗಿಬಿಟ್ಟರೆ ಆ ಬೀಜಜ್ಞಾನ ಎಲ್ಲಿ ಹೋಯಿತು? ಅದೇ ಪದ್ಮಶ್ರೀಗೆ ಕೆಲವರು 2020 ಎಂದು ಬರೆಯುತ್ತಾರೆ, ಕೆಲವರು 2021 ಎಂದು. ಘೋಷಣೆಯಾದದ್ದು 2020ರ ಜನವರಿಯಲ್ಲಿ. ಕೋವಿಡ್‌ನಿಂದಾಗಿ ಪ್ರದಾನ ನಡೆದದ್ದು 2021ರ ನವೆಂಬರ್‌ನಲ್ಲಿ. ಯಾವ ವರ್ಷ ಎನ್ನುವುದರ ಜೊತೆಗೆ ಘೋಷಣೆಯದೋ ಪ್ರದಾನದ್ದೋ ಎಂದು ಬರೆದರೆ ಗೊಂದಲವೇ ಇರುವುದಿಲ್ಲ.

ತಡದ ದೂರಿಗೆ ಬರುತ್ತೇನೆ. ತುಳಸಿ ಗೌಡರು ಹೋಗುವ ಹಿಂದಿನ ಸಂಜೆ ಏನಾಯಿತು ನೆನಪಿಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯಲ್ಲಿದ್ದ ತಬಲಾ ವಾದಕ ಜಾಕಿರ್ ಹುಸೇನ್ ಇನ್ನೂ ಉಸಿರಾಡುತ್ತಿರುವಾಗಲೇ ಇಲ್ಲಿ ಅವರ ಸಾವಿನ ಸುದ್ದಿ ಹರಿದಾಡಿತು. ಕುಟುಂಬದವರು ಅಲ್ಲಗಳೆಯಬೇಕಾಯಿತು, ಮರುದಿನ ಬೆಳಿಗ್ಗೆ ನಿಜವಾದ ಸುದ್ದಿಯನ್ನೂ ಅವರೇ ಹೇಳಬೇಕಾಯಿತು. ಅಲ್ಲಿನ ಲೆಕ್ಕದಲ್ಲಿ ಅದು ಡಿಸೆಂಬರ್ 15, ಇಲ್ಲಿ ಆಗಲೇ 16. ದೂರದೇಶದ ಸಾವಿಗೆ ಸ್ಥಳೀಯ ದಿನಾಂಕವನ್ನೇ ಹಾಕಬೇಕು, ಇಲ್ಲವಾದರೆ ಒಂದು ದಿನದ ತಪ್ಪು ಶಾಶ್ವತವಾಗುತ್ತದೆ. ಅಷ್ಟಾದರೂ ಪಾಠ ಕಲಿಯಲಿಲ್ಲ. 2025ರ ನವೆಂಬರ್ 11ರಂದು ಧರ್ಮೇಂದ್ರ ಅವರನ್ನೂ ಬದುಕಿರುವಾಗಲೇ ಕಳಿಸಿಬಿಟ್ಟರು, ಅವರು ತೀರಿಕೊಂಡದ್ದು 24ರಂದು. ಮನೆಯವರು, ಆಸ್ಪತ್ರೆಯ ಪ್ರಕಟಣೆ, ಸಂಬಂಧಪಟ್ಟ ಸಂಸ್ಥೆ: ಈ ಮೂರರಲ್ಲಿ ಎರಡು ಕಡೆ ಖಚಿತವಾಗುವವರೆಗೆ ‘ಇನ್ನಿಲ್ಲ’ ಎಂಬ ಪದವನ್ನು ಟೈಪ್ ಮಾಡಕೂಡದು. ಸಾವಿನ ಕಾರಣವನ್ನು ಮನೆಯವರು ಹೇಳಿದರೆ ಬರೆಯಬೇಕು, ಹೇಳದಿದ್ದರೆ ಊಹಿಸಬಾರದು.

ಬೇಗ ಬರೆಯಬೇಕೆಂದರೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಇದು ಅಪಶಕುನವಲ್ಲ, ಶ್ರದ್ಧೆ. 2011ರಲ್ಲಿ ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಬರಹದ ಕರ್ತೃ ಮೆಲ್ ಗಸ್ಸೋ 2005ರಲ್ಲೇ ನಿಧನರಾಗಿದ್ದರು. ಬರಹ ಮಾತ್ರ ಮಾಸಿರಲಿಲ್ಲ. ಹೀಗೆ ಇಟ್ಟ ಕಡತವನ್ನು ವರ್ಷಕ್ಕೊಮ್ಮೆಯಾದರೂ ತೆರೆದು ಹೊಸ ಕೃತಿ, ಹೊಸ ಹುದ್ದೆ ಸೇರಿಸಬೇಕು. ದಿನಾಂಕ, ವಯಸ್ಸಿನ ಜಾಗ ಖಾಲಿ ಬಿಡಬೇಕು. ಪ್ರಕಟಣೆಯ ವ್ಯವಸ್ಥೆಯಿಂದ ದೂರ ಇಡಬೇಕು. 2020ರ ನವೆಂಬರ್‌ನಲ್ಲಿ ಫ್ರಾನ್ಸಿನ ಬಾನುಲಿ ಸಂಸ್ಥೆ ಆರ್‌ಎಫ್‌ಐ ತನ್ನ ಜಾಲತಾಣವನ್ನು ಹೊಸ ವ್ಯವಸ್ಥೆಗೆ ಸಾಗಿಸುವಾಗ ಸುಮಾರು ನೂರು ಜನರ ಸಿದ್ಧ ಬರಹಗಳು ಒಮ್ಮೆಲೇ ಹೊರಬಿದ್ದವು. ರಾಣಿ ಎಲಿಜಬೆತ್, ಪೆಲೆ ಇಬ್ಬರೂ ಆಗ ಬದುಕಿದ್ದರು.

ಬರೆಯದೆ ಬಿಟ್ಟದ್ದು ಕೊನೆಗೆ ಕಾಡಿದರೆ ತಡವಾಗಿ ಬರೆಯುವುದೂ ತಪ್ಪಲ್ಲ. 1969ರಲ್ಲಿ ಹೋದ ಹಿಂದಿ ನಟಿ ಮಧುಬಾಲಾ ಅವರಿಗೆ ಅದೇ ನ್ಯೂಯಾರ್ಕ್ ಟೈಮ್ಸ್ ನುಡಿನಮನ ಬರೆದದ್ದು 2018ರಲ್ಲಿ, ಹಿಂದೆ ತಾನು ಕಡೆಗಣಿಸಿದ ಹೆಂಗಸರ ಪಟ್ಟಿ ಮಾಡಿ. ನಾಲ್ಕು ದಶಕ ಬೆಳಕು, ಧ್ವನಿ, ಅನುವಾದ, ಕರಡು ತಿದ್ದುವ ಕೆಲಸ ಮಾಡಿದವರಿಗೆ ನಮ್ಮಲ್ಲಿ ಅಂಥ ತಡವಾದ ಎರಡು ಸಾಲೂ ಇಲ್ಲ. ಅವರ ಕಾಗದಪತ್ರ ತೂಕಕ್ಕೆ ಹೋಗುತ್ತದೆ. ಫೋಟೊಗಳ ಹಿಂದೆ ಹೆಸರು, ವರ್ಷ ಬರೆದಿರುವುದಿಲ್ಲ. ಹೋದ ಮೇಲೆ ಗುರುತಿಸಬಲ್ಲವರೂ ಉಳಿದಿರುವುದಿಲ್ಲ. ಕಣ್ಣೀರಿಗೆ ಒಂದು ಪುಟ ಮೀಸಲಿಡುವ ನಾವು ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡುವುದಿಲ್ಲ. ಇದಕ್ಕೆ ನೋವಾಗುತ್ತದೆ.

ಕೃಷ್ಣ ಅವರ ವಿಷಯ. 1962ರಲ್ಲಿ ವಿಧಾನಸಭೆಗೆ ಬಂದು, 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿ, ರಾಜ್‌ಕುಮಾರ್ ಅವರ 108 ದಿನಗಳ ಅಪಹರಣದ ಒತ್ತಡವನ್ನು ದಾಟಿ, ಆಮೇಲೆ ರಾಜ್ಯಪಾಲರೂ ವಿದೇಶಾಂಗ ಸಚಿವರೂ ಆದವರು 2017ರಲ್ಲಿ ಬಿಜೆಪಿ ಸೇರಿದರು. ಅದನ್ನು ಅವರು ಮುಚ್ಚಿಡಲಿಲ್ಲ. ಅವರೇ ಬಹಿರಂಗವಾಗಿ ಮಾಡಿದ್ದನ್ನು ನಾವು ಹೇಳದಿರುವುದು ಗೌರವ ಹೇಗಾಗುತ್ತದೆ?

‘ತುಂಬಲಾರದ ನಷ್ಟ’ ಎಂಬ ಮಾತನ್ನು ನೀವು ನಮ್ಮ ಬರಹದಲ್ಲಿ ಹುಡುಕಿ ನಿರಾಶರಾದಿರಂತೆ. ಆ ಜಾಗದಲ್ಲಿ ಹತ್ತು, ಹದಿನೈದು, ಇಪ್ಪತ್ತು ಎಂಬ ಸಸಿಗಳ ಲೆಕ್ಕವಿತ್ತು. ದಯವಿಟ್ಟು ಇನ್ನೊಮ್ಮೆ ಓದಿ. ತಿಮ್ಮಕ್ಕನವರ ಬಗ್ಗೆ ಮುಂದೆ ಬರೆದಾಗಲೂ ನಾಲ್ಕೂವರೆ ಎಂದೇ ಬರೆಯುತ್ತೇವೆ.

— ಸಂ.